ಐರೋಪ್ಯ ಏಕೀಕರಣ ಮತ್ತು ಬ್ರಿಟನ್ನಿನ ರಾಜಕೀಯ ಪಕ್ಷಗಳು

ಐರೋಪ್ಯ ಏಕೀಕರಣದ ಬಗ್ಗೆ ಬ್ರಿಟನ್ನಿನ ರಾಜಕೀಯ ಪಕ್ಷಗಳು ತಳೆದ ನಿಲುವು ಎರಡನೆಯ ಮಹಾಯುದ್ಧದ ನಂತರ ಆ ದೇಶದ ರಾಜಕಾರಣವನ್ನು ಅತಿ ದೀರ್ಘಕಾಲ ಕಾಡಿದ ವಿವಾದಗಳಲ್ಲಿ ಒಂದು. ಸ್ವತಂತ್ರ ರಾಷ್ಟ್ರಗಳು ತಮ್ಮ ಅಧಿಕಾರದ ಕೆಲವು ಭಾಗಗಳನ್ನು ಒಪ್ಪಂದಗಳ ಮೂಲಕ ಸಮಾನ ಸಂಸ್ಥೆಗಳಿಗೆ ಒಪ್ಪಿಸಿ, ವ್ಯಾಪಾರ, ಕಾನೂನು ಮತ್ತು ಆಡಳಿತದಲ್ಲಿ ಹಂತಹಂತವಾಗಿ ಒಂದುಗೂಡುವ ಪ್ರಕ್ರಿಯೆಗೆ ಐರೋಪ್ಯ ಏಕೀಕರಣವೆಂದು ಹೆಸರು. ಯುನೈಟೆಡ್ ಕಿಂಗ್‌ಡಮ್ 1973ರ ಜನವರಿ 1ರಂದು ಈ ವ್ಯವಸ್ಥೆಯನ್ನು ಸೇರಿ, 2020ರ ಜನವರಿ 31ರಂದು ಅದರಿಂದ ಹೊರಬಂದಿತು.

ಈ ವಿವಾದದ ಮುಖ್ಯ ಲಕ್ಷಣವೆಂದರೆ, ಅದು ಪಕ್ಷಪಕ್ಷಗಳ ನಡುವಿನ ಜಗಳಕ್ಕಿಂತ ಹೆಚ್ಚಾಗಿ ಪ್ರತಿ ಪಕ್ಷದ ಒಳಗಿನ ಜಗಳವಾಗಿತ್ತು. ದೇಶವನ್ನು ಐರೋಪ್ಯ ಸಮುದಾಯಕ್ಕೆ ಸೇರಿಸಿದ ಕನ್ಸರ್ವೇಟಿವ್ ಪಕ್ಷವೇ ಕಡೆಗೆ ಅದನ್ನು ಹೊರತಂದಿತು; 1983ರಲ್ಲಿ ಹೊರಬರುವ ಭರವಸೆ ನೀಡಿ ಚುನಾವಣೆಗೆ ಹೋದ ಲೇಬರ್ ಪಕ್ಷವು 2016ರಲ್ಲಿ ಉಳಿಯಬೇಕೆಂದು ಪ್ರಚಾರ ಮಾಡಿತು. ಪಕ್ಷದೊಳಗೆ ಇತ್ಯರ್ಥವಾಗದ ಈ ಪ್ರಶ್ನೆಯನ್ನು 1975 ಮತ್ತು 2016ರಲ್ಲಿ ಎರಡು ಬಾರಿ ಜನಮತಗಣನೆಗೆ ಒಪ್ಪಿಸಲಾಯಿತು.

ಹಿನ್ನೆಲೆ

1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಮೇಲಧಿಕಾರದ ಅಡಿಯಲ್ಲಿ ತರುವ ಯೋಜನೆಯನ್ನು ಪ್ರಕಟಿಸಿದರು. ಯುದ್ಧಸಾಮಗ್ರಿಯ ಮೂಲವಾದ ಈ ಎರಡು ಉದ್ಯಮಗಳನ್ನು ಬೆಸೆದರೆ ಮತ್ತೊಂದು ಯುದ್ಧ ಅಸಾಧ್ಯವಾಗುತ್ತದೆ ಎಂಬುದು ಅದರ ಆಶಯ. ಇದರಂತೆ 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವನ್ನು ರಚಿಸಿಕೊಂಡವು. 1957ರ ಮಾರ್ಚ್ 25ರಂದು ಸಹಿಯಾದ ರೋಮ್ ಒಪ್ಪಂದವು ಐರೋಪ್ಯ ಆರ್ಥಿಕ ಸಮುದಾಯಕ್ಕೆ ಅಡಿಪಾಯ ಹಾಕಿತು.

ಬ್ರಿಟನ್ ಈ ಎರಡರಿಂದಲೂ ದೂರ ಉಳಿಯಿತು. ಕ್ಲೆಮೆಂಟ್ ಆಟ್ಲೀ ಅವರ ಲೇಬರ್ ಸರ್ಕಾರವು 1947ರಲ್ಲಷ್ಟೇ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಕರಣಗೊಳಿಸಿತ್ತು. ಅವುಗಳ ಮೇಲಿನ ಅಧಿಕಾರವನ್ನು ಹೊರಗಿನ ಸಂಸ್ಥೆಗೆ ಬಿಟ್ಟುಕೊಡಲು ಅದು ಸಿದ್ಧವಿರಲಿಲ್ಲ. ವಿನ್‌ಸ್ಟನ್ ಚರ್ಚಿಲ್ 1946ರಲ್ಲಿ ಜ್ಯೂರಿಕ್‌ನಲ್ಲಿ ಮಾಡಿದ ಭಾಷಣದಲ್ಲಿ ಯುರೋಪಿನ ಸಂಯುಕ್ತ ಸಂಸ್ಥಾನದ ಕಲ್ಪನೆಯನ್ನು ಎತ್ತಿಹಿಡಿದಿದ್ದರೂ, ಬ್ರಿಟನ್ ಅದರ ಸ್ನೇಹಿತ ಮತ್ತು ಪೋಷಕನ ಸ್ಥಾನದಲ್ಲಿರಬೇಕೆಂಬುದು ಅವರ ಎಣಿಕೆಯಾಗಿತ್ತು. ಕಾಮನ್‌ವೆಲ್ತ್ ರಾಷ್ಟ್ರಗಳೊಂದಿಗಿನ ವ್ಯಾಪಾರ ಹಾಗೂ ಅಮೆರಿಕದೊಂದಿಗಿನ ನಂಟು ಯುರೋಪಿಗಿಂತ ಮಿಗಿಲೆಂಬ ಭಾವನೆ ಎರಡೂ ಪಕ್ಷಗಳಲ್ಲಿ ಪ್ರಬಲವಾಗಿತ್ತು.

ನಿಲುವುಗಳ ವರ್ಗೀಕರಣ

ಪಕ್ಷಗಳ ನಿಲುವನ್ನು ‘ಪರ’ ಮತ್ತು ‘ವಿರೋಧ’ ಎಂದು ಎರಡೇ ಭಾಗ ಮಾಡಿದರೆ ಚಿತ್ರ ಸ್ಪಷ್ಟವಾಗುವುದಿಲ್ಲ. ರಾಜ್ಯಶಾಸ್ತ್ರಜ್ಞರಾದ ಪಾಲ್ ಟ್ಯಾಗರ್ಟ್ ಮತ್ತು ಅಲೆಕ್ಸ್ ಶೆರ್ಬಿಯಾಕ್ ಅವರು ಐರೋಪ್ಯ ಸಂಶಯವಾದವನ್ನು ಕಠಿಣ ಮತ್ತು ಮೃದು ಎಂದು ವಿಂಗಡಿಸಿದ್ದಾರೆ. ಏಕೀಕರಣವನ್ನು ತಾತ್ತ್ವಿಕವಾಗಿ ನಿರಾಕರಿಸಿ, ತಮ್ಮ ದೇಶ ಒಕ್ಕೂಟದಿಂದ ಹೊರಬರಬೇಕೆನ್ನುವುದು ಕಠಿಣ ಸಂಶಯವಾದ. ಸದಸ್ಯತ್ವವನ್ನು ಒಪ್ಪಿಕೊಂಡು, ಏಕ ನಾಣ್ಯ ಅಥವಾ ಸಮಾನ ಕೃಷಿ ನೀತಿಯಂತಹ ನಿರ್ದಿಷ್ಟ ಕ್ರಮಗಳನ್ನು ವಿರೋಧಿಸುವುದು ಮೃದು ಸಂಶಯವಾದ.

ಪಶ್ಚಿಮ ಯುರೋಪಿನ ಹಲವು ದೇಶಗಳಲ್ಲಿ ಮಧ್ಯಮ ಮಾರ್ಗದ ದೊಡ್ಡ ಪಕ್ಷಗಳು ಏಕೀಕರಣವನ್ನು ಬೆಂಬಲಿಸಿದರೆ, ಎಡ ಮತ್ತು ಬಲದ ತುದಿಯಲ್ಲಿರುವ ಪಕ್ಷಗಳು ಅದನ್ನು ವಿರೋಧಿಸುತ್ತ ಬಂದಿವೆ. ಬ್ರಿಟನ್ ಈ ಮಾದರಿಗೆ ಹೊಂದುವುದಿಲ್ಲ. ಇಲ್ಲಿ ಪರ ಮತ್ತು ವಿರೋಧ ಬಣಗಳು ಆಡಳಿತ ನಡೆಸುವ ಎರಡು ದೊಡ್ಡ ಪಕ್ಷಗಳ ಒಳಗೇ ಇದ್ದವು. ಕ್ಷೇತ್ರವೊಂದರಲ್ಲಿ ಅತಿ ಹೆಚ್ಚು ಮತ ಪಡೆದವರು ಗೆಲ್ಲುವ ಚುನಾವಣಾ ಪದ್ಧತಿಯಲ್ಲಿ ಹೊಸ ಪಕ್ಷ ಕಟ್ಟಿ ಗೆಲ್ಲುವುದು ಬಲು ಕಷ್ಟವಾದುದರಿಂದ, ಭಿನ್ನಮತೀಯರು ಪಕ್ಷ ಬಿಡದೆ ಒಳಗಿದ್ದೇ ಹೋರಾಡಿದರು.

ಸೇರ್ಪಡೆಯ ಪ್ರಯತ್ನಗಳು (1961–1973)

1961ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿದರು. ವಿರೋಧ ಪಕ್ಷದ ನಾಯಕ ಹ್ಯೂ ಗೇಟ್ಸ್‌ಕೆಲ್ 1962ರ ಲೇಬರ್ ಸಮ್ಮೇಳನದಲ್ಲಿ, ಯುರೋಪಿನ ಸಂಯುಕ್ತ ರಾಜ್ಯದಲ್ಲಿ ಸೇರಿಹೋಗುವುದೆಂದರೆ ಸಾವಿರ ವರ್ಷಗಳ ಇತಿಹಾಸಕ್ಕೆ ಕೊನೆ ಹಾಡಿದಂತೆ ಎಂಬ ಅರ್ಥದ ಮಾತನ್ನಾಡಿದರು. ಪಕ್ಷದ ಬಲಪಂಥದವರಾದ ಗೇಟ್ಸ್‌ಕೆಲ್ ಅವರನ್ನು ಅಂದು ಹೊಗಳಿದವರು ಅವರ ಎಡಪಂಥೀಯ ವಿರೋಧಿಗಳು. ಬೇಸರಪಟ್ಟವರು ಅವರ ಆಪ್ತ ಬೆಂಬಲಿಗರು. ಈ ಪ್ರಶ್ನೆ ಪಕ್ಷದ ಹಳೆಯ ಬಣಗಳನ್ನು ಹೇಗೆ ಅಡ್ಡಡ್ಡಲಾಗಿ ಸೀಳಬಲ್ಲದು ಎಂಬುದಕ್ಕೆ ಇದು ಮೊದಲ ನಿದರ್ಶನ.

1963ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಬ್ರಿಟನ್ನಿನ ಪ್ರವೇಶಕ್ಕೆ ತಡೆ ಒಡ್ಡಿದರು. 1967ರಲ್ಲಿ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಲ್ಲಿಸಿದ ಎರಡನೆಯ ಅರ್ಜಿಗೂ ಇದೇ ಗತಿಯಾಯಿತು. ಡಿ ಗಾಲ್ ಅಧಿಕಾರದಿಂದ ಇಳಿದ ಮೇಲೆ, ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್ ಮಾತುಕತೆಯನ್ನು ಯಶಸ್ವಿಗೊಳಿಸಿದರು.

1971ರ ಅಕ್ಟೋಬರ್ 28ರಂದು ಹೌಸ್ ಆಫ್ ಕಾಮನ್ಸ್ 356–244 ಮತಗಳಿಂದ ಸೇರ್ಪಡೆಗೆ ತಾತ್ತ್ವಿಕ ಒಪ್ಪಿಗೆ ನೀಡಿತು. 39 ಕನ್ಸರ್ವೇಟಿವ್ ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಇನ್ನೊಂದೆಡೆ ರಾಯ್ ಜೆಂಕಿನ್ಸ್ ನಾಯಕತ್ವದಲ್ಲಿ 69 ಲೇಬರ್ ಸದಸ್ಯರು ಪಕ್ಷದ ಸಚೇತಕಾಜ್ಞೆಯನ್ನು ಮೀರಿ ಸರ್ಕಾರದ ಪರ ನಿಂತರು. ಆದರೆ 1972ರ ಫೆಬ್ರುವರಿಯಲ್ಲಿ ಐರೋಪ್ಯ ಸಮುದಾಯಗಳ ಮಸೂದೆಯ ಎರಡನೆಯ ವಾಚನ ಕೇವಲ 8 ಮತಗಳ ಅಂತರದಿಂದ ಅಂಗೀಕಾರವಾಯಿತು. ಸಮುದಾಯದ ಕಾನೂನು ದೇಶದ ಕಾನೂನಿನ ಭಾಗವಾಗುವುದರಿಂದ ಸಂಸತ್ತಿನ ಪರಮಾಧಿಕಾರಕ್ಕೆ ಕುಂದುಂಟಾಗುತ್ತದೆ ಎಂಬುದು ಕನ್ಸರ್ವೇಟಿವ್ ಸದಸ್ಯ ಈನಕ್ ಪೊವೆಲ್ ಅವರ ಮುಖ್ಯ ಆಕ್ಷೇಪವಾಗಿತ್ತು. 1974ರ ಫೆಬ್ರುವರಿ ಚುನಾವಣೆಯಲ್ಲಿ ಅವರು ಸ್ಪರ್ಧಿಸದೆ, ಸದಸ್ಯತ್ವದ ಬಗ್ಗೆ ಜನರನ್ನು ಕೇಳುವ ಭರವಸೆ ನೀಡಿದ್ದ ಲೇಬರ್ ಪಕ್ಷಕ್ಕೆ ಮತ ಹಾಕುವಂತೆ ಸೂಚಿಸಿದರು.

1975ರ ಜನಮತಗಣನೆ

ಜನಮತಗಣನೆಯ ಸಲಹೆಯನ್ನು ಲೇಬರ್ ಪಕ್ಷದಲ್ಲಿ ಮುಂದಿಟ್ಟವರು ಎಡಪಂಥದ ಟೋನಿ ಬೆನ್. ಪಕ್ಷ ಇದನ್ನು ಒಪ್ಪಿಕೊಂಡಾಗ, 1972ರಲ್ಲಿ ರಾಯ್ ಜೆಂಕಿನ್ಸ್ ಉಪನಾಯಕ ಸ್ಥಾನಕ್ಕೆ ರಾಜೀನಾಮೆ ನೀಡಿದರು. 1974ರಲ್ಲಿ ಮತ್ತೆ ಪ್ರಧಾನಿಯಾದ ವಿಲ್ಸನ್, ಸದಸ್ಯತ್ವದ ಷರತ್ತುಗಳ ಬಗ್ಗೆ ಮರುಸಂಧಾನ ನಡೆಸಿ ಅದರ ಫಲಿತವನ್ನು ಜನರ ಮುಂದಿಟ್ಟರು.

ಸಂಪುಟದ 23 ಸದಸ್ಯರ ಪೈಕಿ ಟೋನಿ ಬೆನ್, ಮೈಕೆಲ್ ಫುಟ್, ಬಾರ್ಬರಾ ಕ್ಯಾಸಲ್ ಮತ್ತು ಪೀಟರ್ ಶೋರ್ ಸೇರಿದಂತೆ 7 ಮಂದಿ ಸರ್ಕಾರದ ಶಿಫಾರಸನ್ನು ವಿರೋಧಿಸಿದರು. ಸಂಪುಟದ ಸಾಮೂಹಿಕ ಹೊಣೆಗಾರಿಕೆಯ ನಿಯಮವನ್ನು ವಿಲ್ಸನ್ ತಾತ್ಕಾಲಿಕವಾಗಿ ಸಡಿಲಿಸಿದರು. 1975ರ ಏಪ್ರಿಲ್‌ನಲ್ಲಿ ನಡೆದ ಲೇಬರ್ ವಿಶೇಷ ಸಮ್ಮೇಳನವು ಹೊರಬರುವುದರ ಪರವಾಗಿ ಭಾರಿ ಬಹುಮತದಿಂದ ನಿರ್ಣಯಿಸಿತು. ಹೀಗೆ ಲೇಬರ್ ಸರ್ಕಾರದ ನಿಲುವು ಒಂದಾದರೆ ಲೇಬರ್ ಪಕ್ಷದ ನಿಲುವು ಇನ್ನೊಂದಾಯಿತು. ಆಗಷ್ಟೇ ಕನ್ಸರ್ವೇಟಿವ್ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್, ಜನಮತಗಣನೆಯೆಂಬ ಸಾಧನವನ್ನು ಸಂಸತ್ತಿನಲ್ಲಿ ವಿರೋಧಿಸಿದರೂ, ಸಮುದಾಯದಲ್ಲಿ ಉಳಿಯುವುದರ ಪರವಾಗಿ ಪ್ರಚಾರ ಮಾಡಿದರು.

ಜೂನ್ 5ರಂದು ನಡೆದ ಮತದಾನದಲ್ಲಿ ಶೇ. 67.2ರಷ್ಟು ಮಂದಿ ಉಳಿಯಬೇಕೆಂದು ತೀರ್ಪಿತ್ತರು.

ದಿಕ್ಕು ಬದಲಾದ ದಶಕ (1980–1990)

ಜನರ ತೀರ್ಪಿನಿಂದ ಲೇಬರ್ ಪಕ್ಷದ ಒಳಜಗಳ ಕೊನೆಗೊಳ್ಳಲಿಲ್ಲ. 1981ರಲ್ಲಿ ರಾಯ್ ಜೆಂಕಿನ್ಸ್, ಡೇವಿಡ್ ಓವೆನ್, ಬಿಲ್ ರಾಡ್ಜರ್ಸ್ ಮತ್ತು ಶರ್ಲಿ ವಿಲಿಯಮ್ಸ್ ಪಕ್ಷವನ್ನು ತೊರೆದು ಸೋಶಿಯಲ್ ಡೆಮೊಕ್ರಾಟಿಕ್ ಪಕ್ಷವನ್ನು ಸ್ಥಾಪಿಸಿದರು. ಯುರೋಪಿನ ಬಗೆಗಿನ ಭಿನ್ನಾಭಿಪ್ರಾಯ ಅದರ ಕಾರಣಗಳಲ್ಲಿ ಒಂದು. ಮೈಕೆಲ್ ಫುಟ್ ನಾಯಕತ್ವದಲ್ಲಿ ಪಕ್ಷವು 1983ರ ಪ್ರಣಾಳಿಕೆಯಲ್ಲಿ ಜನಮತಗಣನೆಯಿಲ್ಲದೆಯೇ ಸಮುದಾಯದಿಂದ ಹೊರಬರುವ ಭರವಸೆ ನೀಡಿತು. ಸಾರ್ವಜನಿಕ ಉದ್ಯಮಗಳಿಗೆ ನೆರವು, ಆಮದಿನ ಮೇಲೆ ಹತೋಟಿ ಮುಂತಾದ ಸಮಾಜವಾದಿ ಕ್ರಮಗಳಿಗೆ ಸಮುದಾಯದ ಮಾರುಕಟ್ಟೆ ನಿಯಮಗಳು ಅಡ್ಡಿಯಾಗುತ್ತವೆ ಎಂಬುದು ಎಡಪಂಥದ ವಾದ. ಆ ಚುನಾವಣೆಯಲ್ಲಿ ಪಕ್ಷ 209 ಸ್ಥಾನಗಳಿಗೆ ಕುಸಿಯಿತು. ನಂತರ ನೀಲ್ ಕಿನ್ನಕ್ ಅವರ ಕಾಲದಲ್ಲಿ ಈ ನೀತಿಯನ್ನು ಕ್ರಮೇಣ ಕೈಬಿಡಲಾಯಿತು.

ಇತ್ತ ಥ್ಯಾಚರ್ ಸರ್ಕಾರವು 1986ರ ಏಕ ಐರೋಪ್ಯ ಕಾಯಿದೆಗೆ ಸಹಿ ಹಾಕಿತು. ಸದಸ್ಯ ದೇಶಗಳ ನಡುವಿನ ವ್ಯಾಪಾರದ ಅಡೆತಡೆಗಳನ್ನು ತೊಡೆದುಹಾಕುವ ಏಕ ಮಾರುಕಟ್ಟೆ ಅವರ ಆರ್ಥಿಕ ಚಿಂತನೆಗೆ ಒಪ್ಪುವಂಥದ್ದೇ. ಆದರೆ ಅದನ್ನು ಸಾಧಿಸಲು ಹಲವು ವಿಷಯಗಳಲ್ಲಿ ಒಂದೊಂದು ದೇಶಕ್ಕಿದ್ದ ನಿರಾಕರಣಾಧಿಕಾರವನ್ನು ಬಿಟ್ಟು ಬಹುಮತದ ನಿರ್ಣಯವನ್ನು ಒಪ್ಪಬೇಕಾಯಿತು.

1988ರ ಸೆಪ್ಟೆಂಬರ್ ತಿಂಗಳ ಎರಡು ಭಾಷಣಗಳು ಪಕ್ಷಗಳ ದಿಕ್ಕು ಬದಲಾದುದನ್ನು ಸೂಚಿಸುತ್ತವೆ. ಆ ತಿಂಗಳ 8ರಂದು ಐರೋಪ್ಯ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್, ಬೋರ್ನ್‌ಮತ್‌ನಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳ ಮಹಾಸಭೆಯನ್ನು ಉದ್ದೇಶಿಸಿ, ಏಕ ಮಾರುಕಟ್ಟೆಯ ಜೊತೆಗೆ ಕಾರ್ಮಿಕರ ಹಕ್ಕುಗಳ ರಕ್ಷಣೆಯೂ ನಡೆಯಬೇಕೆಂದರು. ಸ್ವದೇಶದಲ್ಲಿ ಥ್ಯಾಚರ್ ಸರ್ಕಾರದ ಎದುರು ಸತತವಾಗಿ ಸೋತಿದ್ದ ಕಾರ್ಮಿಕ ಸಂಘಗಳಿಗೆ ಯುರೋಪ್ ಆಸರೆಯಾಗಿ ಕಂಡಿತು. ಹನ್ನೆರಡು ದಿನಗಳ ನಂತರ, 20ರಂದು, ಬೆಲ್ಜಿಯಂನ ಬ್ರೂಜ್‌ನಲ್ಲಿ ಮಾತನಾಡಿದ ಥ್ಯಾಚರ್, ದೇಶದೊಳಗೆ ಹಿಮ್ಮೆಟ್ಟಿಸಿದ ಸರ್ಕಾರಿ ಹತೋಟಿಯನ್ನು ಬ್ರಸೆಲ್ಸ್ ಮತ್ತೆ ಹೇರುವುದನ್ನು ತಾವು ಒಪ್ಪುವುದಿಲ್ಲವೆಂದು ಸಾರಿದರು. ಹಿಂದೆ ಎಡಪಂಥದವರಿಗೆ ಬಂಡವಾಳಗಾರರ ಕೂಟವಾಗಿ ಕಂಡಿದ್ದ ಸಂಸ್ಥೆ, ಈಗ ಬಲಪಂಥದವರಿಗೆ ಸಮಾಜವಾದದ ಹಿಂಬಾಗಿಲಾಗಿ ಕಂಡಿತು.

1990ರ ನವೆಂಬರ್‌ನಲ್ಲಿ ಉಪಪ್ರಧಾನಿ ಜೆಫ್ರಿ ಹೌ ಯುರೋಪಿನ ಪ್ರಶ್ನೆಯ ಮೇಲೆ ರಾಜೀನಾಮೆ ನೀಡಿದರು. ಅದೇ ತಿಂಗಳು ಪಕ್ಷದ ನಾಯಕತ್ವದ ಸ್ಪರ್ಧೆಯಲ್ಲಿ ಅಗತ್ಯ ಬಹುಮತ ಪಡೆಯದ ಥ್ಯಾಚರ್ ಅಧಿಕಾರದಿಂದ ನಿರ್ಗಮಿಸಿದರು.

ಮಾಸ್ಟ್ರಿಕ್ಟ್ ಒಪ್ಪಂದ ಮತ್ತು ನಂತರ

1992ರ ಫೆಬ್ರುವರಿ 7ರಂದು ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದವು ಐರೋಪ್ಯ ಒಕ್ಕೂಟವನ್ನು ರಚಿಸಿ ಏಕ ನಾಣ್ಯಕ್ಕೆ ದಾರಿ ಮಾಡಿತು. ಪ್ರಧಾನಿ ಜಾನ್ ಮೇಜರ್ ಬ್ರಿಟನ್ನಿಗೆ ಏಕ ನಾಣ್ಯದಿಂದ ಮತ್ತು ಕಾರ್ಮಿಕ ಹಕ್ಕುಗಳ ‘ಸಾಮಾಜಿಕ ಅಧ್ಯಾಯ’ದಿಂದ ವಿನಾಯಿತಿ ಪಡೆದಿದ್ದರು. ಆದರೂ ಅವರ ಪಕ್ಷದ ಬಂಡಾಯ ತಣಿಯಲಿಲ್ಲ. 1992ರ ಚುನಾವಣೆಯಲ್ಲಿ ದೊರೆತ ಬಹುಮತ ಕೇವಲ 21. ಕೆಲವೇ ಸದಸ್ಯರು ತಿರುಗಿಬಿದ್ದರೂ ಸರ್ಕಾರ ಅಲುಗಾಡುವಂತಿತ್ತು. ಅದೇ ವರ್ಷದ ಸೆಪ್ಟೆಂಬರ್ 16ರಂದು ಪೌಂಡ್ ಐರೋಪ್ಯ ವಿನಿಮಯ ದರ ವ್ಯವಸ್ಥೆಯಿಂದ ಹೊರಬೀಳಬೇಕಾಯಿತು. ‘ಕಪ್ಪು ಬುಧವಾರ’ವೆಂದು ಹೆಸರಾದ ಈ ಘಟನೆ ಸಂಶಯವಾದಿಗಳಿಗೆ ಬಲ ನೀಡಿತು. 1993ರ ಜುಲೈ 22ರಂದು ಸಾಮಾಜಿಕ ಅಧ್ಯಾಯದ ಮೇಲಿನ ಮತದಾನದಲ್ಲಿ ಸೋತ ಸರ್ಕಾರ, ಮರುದಿನ ವಿಶ್ವಾಸಮತ ಕೋರಿ ಉಳಿದುಕೊಂಡಿತು.

1997ರಲ್ಲಿ ಅಧಿಕಾರಕ್ಕೆ ಬಂದ ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರ ಸಾಮಾಜಿಕ ಅಧ್ಯಾಯವನ್ನು ಒಪ್ಪಿಕೊಂಡಿತು. ಏಕ ನಾಣ್ಯದ ವಿಷಯದಲ್ಲಿ ಹಣಕಾಸು ಸಚಿವ ಗೋರ್ಡನ್ ಬ್ರೌನ್ ಐದು ಆರ್ಥಿಕ ಪರೀಕ್ಷೆಗಳನ್ನು ಮುಂದಿಟ್ಟುದರಿಂದ ಬ್ರಿಟನ್ ಯೂರೋ ವಲಯವನ್ನು ಸೇರಲಿಲ್ಲ. 2004ರಲ್ಲಿ ಹತ್ತು ಹೊಸ ದೇಶಗಳು ಒಕ್ಕೂಟ ಸೇರಿದಾಗ, ಪೂರ್ವ ಯುರೋಪಿನ ಕೆಲಸಗಾರರಿಗೆ ತಡಮಾಡದೆ ಉದ್ಯೋಗದ ಬಾಗಿಲು ತೆರೆದ ಮೂರು ಹಳೆಯ ಸದಸ್ಯ ದೇಶಗಳಲ್ಲಿ ಐರ್ಲೆಂಡ್ ಮತ್ತು ಸ್ವೀಡನ್‌ಗಳ ಜೊತೆ ಬ್ರಿಟನ್ನೂ ಒಂದು. ಅದುವರೆಗೆ ಪರಮಾಧಿಕಾರ ಮತ್ತು ನಾಣ್ಯದ ಸುತ್ತ ನಡೆಯುತ್ತಿದ್ದ ಚರ್ಚೆಗೆ ಇದರಿಂದ ವಲಸೆಯ ಪ್ರಶ್ನೆಯೂ ಸೇರಿಕೊಂಡು, ಸಾಮಾನ್ಯ ಮತದಾರರ ಮಟ್ಟಕ್ಕೆ ಇಳಿಯಿತು.

ಇತರ ಪಕ್ಷಗಳು

ಲಿಬರಲ್ ಪಕ್ಷ ಹಾಗೂ 1988ರಲ್ಲಿ ಅದು ಸೋಶಿಯಲ್ ಡೆಮೊಕ್ರಾಟಿಕ್ ಪಕ್ಷದೊಂದಿಗೆ ವಿಲೀನವಾಗಿ ರೂಪುಗೊಂಡ ಲಿಬರಲ್ ಡೆಮೊಕ್ರಾಟ್ ಪಕ್ಷ, ಬ್ರಿಟನ್ನಿನ ಪಕ್ಷಗಳಲ್ಲೆಲ್ಲ ಅತ್ಯಂತ ಸ್ಥಿರವಾಗಿ ಏಕೀಕರಣವನ್ನು ಬೆಂಬಲಿಸಿವೆ.

ಸ್ಕಾಟಿಷ್ ನ್ಯಾಷನಲ್ ಪಕ್ಷ ಮತ್ತು ವೇಲ್ಸ್‌ನ ಪ್ಲೈಡ್ ಕಮ್ರಿ 1975ರಲ್ಲಿ ಸದಸ್ಯತ್ವವನ್ನು ವಿರೋಧಿಸಿದ್ದವು. ಲಂಡನ್ನಿಗಿಂತಲೂ ದೂರದ ಬ್ರಸೆಲ್ಸ್‌ಗೆ ಅಧಿಕಾರ ಹೋಗುತ್ತದೆ ಎಂಬುದು ಅವುಗಳ ಆತಂಕ. 1980ರ ದಶಕದಲ್ಲಿ ಎರಡೂ ಪಕ್ಷಗಳು ನಿಲುವು ಬದಲಿಸಿದವು. ಸ್ಕಾಟಿಷ್ ನ್ಯಾಷನಲ್ ಪಕ್ಷವು 1988ರಲ್ಲಿ ‘ಯುರೋಪಿನೊಳಗೆ ಸ್ವಾತಂತ್ರ್ಯ’ ಎಂಬ ನೀತಿಯನ್ನು ಅಂಗೀಕರಿಸಿತು. ಬ್ರಿಟನ್ನಿನಿಂದ ಬೇರ್ಪಟ್ಟ ಸಣ್ಣ ದೇಶ ಒಂಟಿಯಾಗುತ್ತದೆ ಎಂಬ ಟೀಕೆಗೆ ಒಕ್ಕೂಟದ ಸದಸ್ಯತ್ವವೇ ಉತ್ತರವಾಯಿತು.

ಉತ್ತರ ಐರ್ಲೆಂಡ್‌ನಲ್ಲಿ ಡೆಮೊಕ್ರಾಟಿಕ್ ಯೂನಿಯನಿಸ್ಟ್ ಪಕ್ಷವು 1975 ಮತ್ತು 2016ರಲ್ಲಿ ಸಮಾನವಾಗಿ ವಿರೋಧದ ನಿಲುವು ತಾಳಿತು. ಬಹುಕಾಲ ವಿರೋಧಿಯಾಗಿದ್ದ ಐರಿಷ್ ರಾಷ್ಟ್ರೀಯವಾದಿ ಪಕ್ಷ ಶಿನ್ ಫೇನ್, ದ್ವೀಪದ ಎರಡು ಭಾಗಗಳ ನಡುವಿನ ಗಡಿ ಮತ್ತೆ ಗಟ್ಟಿಯಾಗುವುದೆಂಬ ಕಾರಣದಿಂದ 2016ರಲ್ಲಿ ಉಳಿಯುವ ಪರ ನಿಂತಿತು.

ಹೊರಬರುವುದನ್ನೇ ಗುರಿಯಾಗಿಟ್ಟುಕೊಂಡ ಯುಕೆ ಇಂಡಿಪೆಂಡೆನ್ಸ್ ಪಕ್ಷ 1993ರಲ್ಲಿ ಹುಟ್ಟಿತು. ಅದು ಬೆಳೆದುದು ತಾನು ವಿರೋಧಿಸುತ್ತಿದ್ದ ಐರೋಪ್ಯ ಸಂಸತ್ತಿನ ಮೂಲಕವೇ. ಆ ಸಂಸತ್ತಿಗೆ ನಡೆಯುವ ಚುನಾವಣೆಯಲ್ಲಿ 1999ರಿಂದ ಬ್ರಿಟನ್ನಿನಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯ ಜಾರಿಯಾದುದರಿಂದ, ಪಕ್ಷಕ್ಕೆ 1999ರಲ್ಲಿ 3, 2004ರಲ್ಲಿ 12, 2009ರಲ್ಲಿ 13 ಸ್ಥಾನಗಳು ದೊರೆತವು. 2014ರಲ್ಲಿ ನೈಜೆಲ್ ಫರಾಜ್ ನಾಯಕತ್ವದಲ್ಲಿ 24 ಸ್ಥಾನ ಗಳಿಸಿ ಅದು ಮೊದಲ ಸ್ಥಾನಕ್ಕೇರಿತು. ಆದರೆ 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಶೇ. 12.6ರಷ್ಟು ಮತ ಪಡೆದರೂ ದಕ್ಕಿದ್ದು ಒಂದೇ ಸ್ಥಾನ. ಅದರ ನಿಜವಾದ ಪ್ರಭಾವ ಕನ್ಸರ್ವೇಟಿವ್ ಪಕ್ಷದ ಮೇಲೆ ಬೀರಿದ ಒತ್ತಡದಲ್ಲಿತ್ತು.

2016ರ ಜನಮತಗಣನೆ

2011ರ ಅಕ್ಟೋಬರ್‌ನಲ್ಲಿ 81 ಕನ್ಸರ್ವೇಟಿವ್ ಸದಸ್ಯರು ನಾಯಕತ್ವದ ಸೂಚನೆಯನ್ನು ಧಿಕ್ಕರಿಸಿ ಜನಮತಗಣನೆಯ ಪರ ಮತ ಹಾಕಿದರು. 2013ರ ಜನವರಿ 23ರಂದು ಪ್ರಧಾನಿ ಡೇವಿಡ್ ಕ್ಯಾಮರಾನ್, ಪಕ್ಷ ಮುಂದಿನ ಚುನಾವಣೆಯಲ್ಲಿ ಗೆದ್ದರೆ ಒಕ್ಕೂಟದೊಂದಿಗೆ ಮರುಸಂಧಾನ ನಡೆಸಿ ಜನಮತಗಣನೆ ನಡೆಸುವುದಾಗಿ ಘೋಷಿಸಿದರು. ನಲವತ್ತು ವರ್ಷಗಳ ಹಿಂದೆ ವಿಲ್ಸನ್ ಹಿಡಿದ ದಾರಿಯೂ ಇದೇ ಆಗಿತ್ತು: ಮರುಸಂಧಾನ, ಸಚಿವರಿಗೆ ಭಿನ್ನಮತದ ಸ್ವಾತಂತ್ರ್ಯ, ಕಡೆಗೆ ಜನರ ತೀರ್ಪು. ಸರ್ಕಾರ ಉಳಿಯುವಂತೆ ಶಿಫಾರಸು ಮಾಡಿತು. ಪಕ್ಷದ ಸಂಘಟನೆ ತಟಸ್ಥವಾಗಿ ಉಳಿಯಿತು. ಮೈಕೆಲ್ ಗೋವ್ ಮತ್ತು ಬೋರಿಸ್ ಜಾನ್ಸನ್ ಹೊರಬರುವ ಪ್ರಚಾರದ ಮುಂಚೂಣಿಯಲ್ಲಿದ್ದರು. 1975ರಲ್ಲಿ ಸದಸ್ಯತ್ವದ ವಿರುದ್ಧ ಮತ ಹಾಕಿದ್ದ ಜೆರೆಮಿ ಕಾರ್ಬಿನ್, ಈಗ ಉಳಿಯುವ ಪರ ನಿಂತ ಲೇಬರ್ ಪಕ್ಷದ ನಾಯಕರಾಗಿದ್ದರು.

ಎರಡು ಜನಮತಗಣನೆಗಳಲ್ಲಿ ಪಕ್ಷಗಳ ಅಧಿಕೃತ ನಿಲುವು ಹೀಗಿತ್ತು:

ಕನ್ಸರ್ವೇಟಿವ್: 1975ರಲ್ಲಿ ಉಳಿಯುವ ಪರ, 2016ರಲ್ಲಿ ಪಕ್ಷ ತಟಸ್ಥ, ಸರ್ಕಾರ ಉಳಿಯುವ ಪರ.
ಲೇಬರ್: 1975ರಲ್ಲಿ ಸರ್ಕಾರ ಉಳಿಯುವ ಪರ, ಸಮ್ಮೇಳನ ಹೊರಬರುವ ಪರ, 2016ರಲ್ಲಿ ಉಳಿಯುವ ಪರ.
ಲಿಬರಲ್, ನಂತರ ಲಿಬರಲ್ ಡೆಮೊಕ್ರಾಟ್: ಎರಡೂ ಬಾರಿ ಉಳಿಯುವ ಪರ.
ಸ್ಕಾಟಿಷ್ ನ್ಯಾಷನಲ್ ಪಕ್ಷ ಮತ್ತು ಪ್ಲೈಡ್ ಕಮ್ರಿ: 1975ರಲ್ಲಿ ಹೊರಬರುವ ಪರ, 2016ರಲ್ಲಿ ಉಳಿಯುವ ಪರ.
ಡೆಮೊಕ್ರಾಟಿಕ್ ಯೂನಿಯನಿಸ್ಟ್ ಪಕ್ಷ: ಎರಡೂ ಬಾರಿ ಹೊರಬರುವ ಪರ.
ಶಿನ್ ಫೇನ್: 1975ರಲ್ಲಿ ಹೊರಬರುವ ಪರ, 2016ರಲ್ಲಿ ಉಳಿಯುವ ಪರ.

2016ರ ಜೂನ್ 23ರ ಮತದಾನದಲ್ಲಿ 1,74,10,742 ಮಂದಿ (ಶೇ. 51.9) ಹೊರಬರಬೇಕೆಂದೂ 1,61,41,241 ಮಂದಿ (ಶೇ. 48.1) ಉಳಿಯಬೇಕೆಂದೂ ಮತ ನೀಡಿದರು. ಪಕ್ಷಗಳಂತೆ ಪ್ರದೇಶಗಳೂ ಸ್ಥಾನ ಬದಲಿಸಿದ್ದವು. 1975ರಲ್ಲಿ ಇಂಗ್ಲೆಂಡ್‌ನಲ್ಲಿ ಶೇ. 68.7, ಸ್ಕಾಟ್ಲೆಂಡ್‌ನಲ್ಲಿ ಶೇ. 58.4, ಉತ್ತರ ಐರ್ಲೆಂಡ್‌ನಲ್ಲಿ ಶೇ. 52.1ರಷ್ಟು ಮಂದಿ ಉಳಿಯುವ ಪರವಿದ್ದರು. 2016ರಲ್ಲಿ ಸ್ಕಾಟ್ಲೆಂಡ್‌ನ ಶೇ. 62ರಷ್ಟು ಮತ್ತು ಉತ್ತರ ಐರ್ಲೆಂಡ್‌ನ ಶೇ. 55.8ರಷ್ಟು ಮತದಾರರು ಉಳಿಯಬೇಕೆಂದರೆ, ಇಂಗ್ಲೆಂಡ್‌ನ ಶೇ. 53.4ರಷ್ಟು ಮತ್ತು ವೇಲ್ಸ್‌ನ ಶೇ. 52.5ರಷ್ಟು ಮತದಾರರು ಹೊರಬರಬೇಕೆಂದರು.

ನಿರ್ಗಮನದ ಅವಧಿ (2016–2020)

ಹೊರಬರಬೇಕೆಂದು ಜನರು ಹೇಳಿದ್ದರೂ, ಹೇಗೆ ಹೊರಬರಬೇಕು ಎಂಬ ಪ್ರಶ್ನೆ ಮತಪತ್ರದಲ್ಲಿ ಇರಲಿಲ್ಲ. ಏಕ ಮಾರುಕಟ್ಟೆಯಲ್ಲಿ ಮುಂದುವರಿಯಬೇಕೇ, ಸುಂಕ ಒಕ್ಕೂಟದಲ್ಲಿ ಇರಬೇಕೇ, ಐರ್ಲೆಂಡ್‌ನ ಗಡಿಯನ್ನು ಹೇಗೆ ತೆರೆದಿಡಬೇಕು ಎಂಬ ವಿಷಯಗಳಲ್ಲಿ ಪಕ್ಷಗಳೊಳಗೆ ಒಮ್ಮತ ಇರಲಿಲ್ಲ. ಪ್ರಧಾನಿ ತೆರೇಸಾ ಮೇ ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದವನ್ನು 2019ರ ಜನವರಿ 15ರಂದು ಕಾಮನ್ಸ್ 432–202 ಮತಗಳಿಂದ ತಿರಸ್ಕರಿಸಿತು. ಒಪ್ಪಂದ ತೀರಾ ಸಡಿಲವೆಂದ ಕನ್ಸರ್ವೇಟಿವ್ ಬಂಡಾಯಗಾರರೂ, ಒಕ್ಕೂಟದಲ್ಲೇ ಉಳಿಯಬೇಕೆಂದವರೂ ಒಂದೇ ಸಾಲಿನಲ್ಲಿ ನಿಂತು ಅದರ ವಿರುದ್ಧ ಮತ ಹಾಕಿದ್ದರು.

2019ರ ಮೇ ತಿಂಗಳ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಫರಾಜ್ ಅವರ ಹೊಸ ಬ್ರೆಕ್ಸಿಟ್ ಪಕ್ಷ 29 ಸ್ಥಾನ ಗಳಿಸಿತು. ಆಳುವ ಕನ್ಸರ್ವೇಟಿವ್ ಪಕ್ಷ ನಾಲ್ಕಕ್ಕೆ ಕುಸಿಯಿತು. ಮೇ ಅವರ ನಂತರ ಪ್ರಧಾನಿಯಾದ ಜಾನ್ಸನ್, ಸೆಪ್ಟೆಂಬರ್‌ನಲ್ಲಿ ಒಪ್ಪಂದವಿಲ್ಲದ ನಿರ್ಗಮನವನ್ನು ತಡೆಯಲು ಮತ ಹಾಕಿದ 21 ಸದಸ್ಯರನ್ನು ಸಂಸದೀಯ ಪಕ್ಷದಿಂದ ಹೊರಹಾಕಿದರು. ಲೇಬರ್ ಪಕ್ಷದ ಸಂಕಟ ಬೇರೆ ಬಗೆಯದು: ಅದರ ಮತದಾರರಲ್ಲಿ ಹೆಚ್ಚಿನವರು ಉಳಿಯುವ ಪರವಿದ್ದರೂ, ಅದು ಗೆದ್ದಿದ್ದ ಹಲವಾರು ಕ್ಷೇತ್ರಗಳು, ವಿಶೇಷವಾಗಿ ಉತ್ತರ ಇಂಗ್ಲೆಂಡ್‌ನ ಹಳೆಯ ಕೈಗಾರಿಕಾ ಊರುಗಳು, ಹೊರಬರುವ ಪರವಿದ್ದವು. ಹೊಸ ಸಂಧಾನ ಮತ್ತು ಮತ್ತೊಂದು ಜನಮತಗಣನೆಯನ್ನು ಸೂಚಿಸಿದ ಅದರ ನೀತಿ ಎರಡೂ ಕಡೆಯವರಿಗೆ ತೃಪ್ತಿ ನೀಡಲಿಲ್ಲ. ಡಿಸೆಂಬರ್ 12ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 365, ಲೇಬರ್ 202 ಸ್ಥಾನ ಗಳಿಸಿದವು. ಜನಮತಗಣನೆಯಿಲ್ಲದೆಯೇ ನಿರ್ಗಮನವನ್ನು ರದ್ದುಪಡಿಸುವುದಾಗಿ ಹೇಳಿದ ಲಿಬರಲ್ ಡೆಮೊಕ್ರಾಟ್ ಪಕ್ಷ 11 ಸ್ಥಾನಗಳಿಗೆ ತೃಪ್ತಿಪಡಬೇಕಾಯಿತು. ಅದರ ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರದಲ್ಲೇ ಸೋತರು.

ನಿಲುವು ಬದಲಾವಣೆಯ ಕಾರಣಗಳು

ಪಕ್ಷಗಳು ನಿಲುವು ಬದಲಿಸಿದುದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಐರೋಪ್ಯ ಸಂಸ್ಥೆಗಳ ಸ್ವರೂಪವೇ ಬದಲಾದದ್ದು. ವ್ಯಾಪಾರದ ಕೂಟವಾಗಿದ್ದಾಗ ಎಡಪಂಥ ಅದನ್ನು ಶಂಕಿಸಿತು. ಕಾರ್ಮಿಕ ನಿಯಮ, ಏಕ ನಾಣ್ಯಗಳತ್ತ ಹೊರಳಿದಾಗ ಬಲಪಂಥ ಶಂಕಿಸಿತು. ಎರಡನೆಯದು, ಅಧಿಕಾರದ ಸ್ಥಾನ. ಅಧಿಕಾರದಲ್ಲಿದ್ದಾಗ ಒಪ್ಪಂದಗಳಿಗೆ ಸಹಿ ಹಾಕಿದ ಪಕ್ಷಗಳೇ ವಿರೋಧ ಪಕ್ಷದಲ್ಲಿ ಕುಳಿತಾಗ ಅವುಗಳನ್ನು ಟೀಕಿಸಿವೆ. 1967ರಲ್ಲಿ ಅರ್ಜಿ ಸಲ್ಲಿಸಿದ ವಿಲ್ಸನ್, 1971ರಲ್ಲಿ ಹೀತ್ ತಂದ ಷರತ್ತುಗಳನ್ನು ವಿರೋಧಿಸಿದ್ದು ಇದಕ್ಕೆ ಉದಾಹರಣೆ. ಮೂರನೆಯದು, ಮತದಾರರಲ್ಲಿ ಮೂಡಿದ ಹೊಸ ಬಿರುಕು. ಲೀಸ್‌ಬೆತ್ ಹೂಗ್ ಮತ್ತು ಗ್ಯಾರಿ ಮಾರ್ಕ್ಸ್ ಅವರ ಪ್ರಕಾರ, ಆರಂಭದ ದಶಕಗಳಲ್ಲಿ ಜನರು ಈ ವಿಷಯವನ್ನು ನಾಯಕರಿಗೆ ಬಿಟ್ಟು ಮೌನ ಸಮ್ಮತಿ ನೀಡಿದ್ದರು. 1990ರ ದಶಕದಿಂದೀಚೆಗೆ ರಾಷ್ಟ್ರೀಯ ಅಸ್ಮಿತೆಯ ಪ್ರಶ್ನೆಯಾಗಿ ಬದಲಾಗಿ, ನಾಯಕರ ಕೈ ಕಟ್ಟುವ ಭಿನ್ನಮತವಾಯಿತು.

ಸದ್ಯದ ಸ್ಥಿತಿ

2024ರ ಜುಲೈ 4ರ ಚುನಾವಣೆಯಲ್ಲಿ ಕಿಯರ್ ಸ್ಟಾರ್ಮರ್ ನಾಯಕತ್ವದ ಲೇಬರ್ ಪಕ್ಷ, ಒಕ್ಕೂಟದೊಂದಿಗೆ ಸಂಬಂಧ ಸುಧಾರಿಸುವ ಮಾತನಾಡಿದರೂ ಏಕ ಮಾರುಕಟ್ಟೆಗೆ, ಸುಂಕ ಒಕ್ಕೂಟಕ್ಕೆ ಅಥವಾ ಮುಕ್ತ ಸಂಚಾರಕ್ಕೆ ಮರಳುವುದಿಲ್ಲವೆಂದು ಪ್ರಣಾಳಿಕೆಯಲ್ಲಿ ತಿಳಿಸಿ ಅಧಿಕಾರಕ್ಕೆ ಬಂದಿತು. ಬ್ರೆಕ್ಸಿಟ್ ಪಕ್ಷದ ಮುಂದುವರಿಕೆಯಾದ ರಿಫಾರ್ಮ್ ಯುಕೆ 5 ಸ್ಥಾನಗಳನ್ನು ಗೆದ್ದಿತು. ಲಿಬರಲ್ ಡೆಮೊಕ್ರಾಟ್ ಪಕ್ಷ ಮರುಸೇರ್ಪಡೆಯನ್ನು ದೀರ್ಘಾವಧಿಯ ಗುರಿಯಾಗಿ ಉಳಿಸಿಕೊಂಡಿದ್ದರೆ, ಸ್ಕಾಟಿಷ್ ನ್ಯಾಷನಲ್ ಪಕ್ಷ ಸ್ವತಂತ್ರ ಸ್ಕಾಟ್ಲೆಂಡ್ ಒಕ್ಕೂಟದ ಸದಸ್ಯ ರಾಷ್ಟ್ರವಾಗಬೇಕೆಂದು ಪ್ರತಿಪಾದಿಸುತ್ತದೆ.